‘ಉಡಾನ್’ ಟೇಪು ತರುವವರ ಗಮನಕ್ಕೆ

ನಮಸ್ಕಾರ. ಭಾನುವಾರ ಚಿಕ್ಕಮಗಳೂರಿನಲ್ಲಿ ಹಳೇ ವಿಎಚ್‌ಎಸ್ ವಿಡಿಯೊ ಟೇಪು ಕಾಪಿ ಮಾಡುವ ಕೆಲಸ. 1989ರಲ್ಲಿ ದೂರದರ್ಶನದಲ್ಲಿ ಶುರುವಾದ ‘ಉಡಾನ್’ ಧಾರಾವಾಹಿಯನ್ನು ರೆಕಾರ್ಡ್ ಮಾಡಿಟ್ಟವರು ದಯವಿಟ್ಟು ತನ್ನಿ. ಬರೆದು, ನಿರ್ದೇಶಿಸಿ, ಕಲ್ಯಾಣಿ ಸಿಂಗ್ ಆಗಿ ನಟಿಸಿದ್ದೂ ಕವಿತಾ ಚೌಧರಿಯೇ. ಕಥೆಗೆ ಪ್ರೇರಣೆ ಅವರ ಅಕ್ಕ, ಐಪಿಎಸ್ ಅಧಿಕಾರಿ ಕಾಂಚನ್ ಚೌಧರಿ ಭಟ್ಟಾಚಾರ್ಯ. ಧಾರಾವಾಹಿಯ ಜೀವ ಇರುವುದೇ ಕಲ್ಯಾಣಿ ಖಾಕಿ ತೊಡುವ ಮೊದಲಿನ ಕಂತುಗಳಲ್ಲಿ. ಅವು ಇದ್ದರೆ ಮೊದಲು ಅವನ್ನೇ ಕೊಡಿ.

ಮಲೆನಾಡಿನ ಮಳೆ ಟೇಪನ್ನು ಬಿಡುವುದಿಲ್ಲ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಸುರುಳಿಯ ಅಂಚು ನೋಡಿ: ಬಿಳಿ ಪುಡಿ ಕಂಡರೆ ಬೂಷ್ಟು. ಪ್ಲೇಯರಿಗೆ ಹಾಕಲೇಬೇಡಿ. ಟೇಪು ಓದುವ ಹೆಡ್ಡಿಗೆ ಮೆತ್ತಿಕೊಂಡು ಚಿತ್ರ ಮಾಯವಾಗುತ್ತದೆ, ಮುಂದೆ ಹಾಕುವ ಟೇಪಿಗೂ ಅಂಟುತ್ತದೆ. ಅಂಥದ್ದನ್ನು ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ತನ್ನಿ. ಅಡಿಯ ಐದು ಸ್ಕ್ರೂ ಬಿಚ್ಚಿ ಇಲ್ಲೇ ಒರೆಸೋಣ. ಚೆನ್ನಾಗಿರುವುದನ್ನು ಒಮ್ಮೆ ಕೊನೆತನಕ ಓಡಿಸಿ, ಹಿಂದಕ್ಕೆ ಸುತ್ತಿ. ಸಡಿಲ ಸುರುಳಿ ಬಿಗಿಯಾಗುತ್ತದೆ.

ಬೆನ್ನಿನಂಚಿನ ಪುಟ್ಟ ಪ್ಲಾಸ್ಟಿಕ್ ಚೂರು ಇನ್ನೂ ಇದ್ದರೆ ಮುರಿದುಬಿಡಿ, ಆಗ ಅದರ ಮೇಲೆ ಮತ್ತೆ ರೆಕಾರ್ಡ್ ಆಗದು. ಚೂರು ಉಳಿದಿದ್ದು, ಕೈತಪ್ಪಿ ರೆಕಾರ್ಡ್ ಬಟನ್ ಒತ್ತಿದರೆ ಕಲ್ಯಾಣಿ ಅಳಿಸಿಹೋಗುತ್ತಾಳೆ, ಆಮೇಲೆ ಯಾವ ಪೊಲೀಸರೂ ಹುಡುಕಿಕೊಡಲಾರರು.

ಕಾಪಿಯ ಚಿತ್ರ 720×576 ಪಿಕ್ಸೆಲ್, ಸೆಕೆಂಡಿಗೆ 25 ಫ್ರೇಮು. ಇ-180 (180 ನಿಮಿಷದ) ಟೇಪು ತುಂಬಿದ್ದರೆ ಪೂರಾ 3 ಗಂಟೆ ಹಿಡಿಯುತ್ತದೆ, ಅವಸರ ಮಾಡಲಾಗದು. ಹಾಗಾಗಿ ಒಬ್ಬರಿಗೆ ಎರಡೇ ಟೇಪು. ಪೆನ್‌ಡ್ರೈವ್ ಮರೆಯಬೇಡಿ.