ಬಸ್ಸು ಬಿಟ್ಟು ಬಂದ ಅಜ್ಜಿಗೆ

ಅಜ್ಜಿ, ಹೋದ ಸೋಮವಾರ ಹಿರಿಯೂರು ರಸ್ತೆಯಲ್ಲಿ ನಮ್ಮ ಮೇಕೆ ಮರಿ ಹಾಕಲಾಗದೆ ಒದ್ದಾಡುತ್ತಿದ್ದಾಗ, ಬರುತ್ತಿದ್ದ ಬಸ್ಸು ಬಿಟ್ಟು ಓಡಿ ಬಂದಿರಿ. ಮೂತಿ, ಒಂದು ಗೊರಸು ಮಾತ್ರ ಕಾಣುತ್ತಿತ್ತು. ನಾನು ಎಳೆಯಲು ಹೋದೆ. "ಸುಮ್ನೆ ಎಳೀಬೇಡ ಮಗಾ, ಇನ್ನೊಂದು ಕಾಲು ಹಿಂದಕ್ಕೈತೆ" ಎಂದಿರಿ.

ಸೋಪು ಹಚ್ಚಿ ಮೊಣಕೈವರೆಗೂ ತೊಳೆದುಕೊಂಡು ಮರಿಯನ್ನು ಮೆಲ್ಲಗೆ ಒಳಕ್ಕೆ ತಳ್ಳಿದಿರಿ. ಒಳಗೆ ಗೀರಬಾರದು ಅಂತ ಗೊರಸನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ಕಾಲನ್ನು ಮುಂದಕ್ಕೆ ತಂದಿರಿ. ಆಮೇಲೆ ಮೇಕೆ ತಿಣುಕಿದಾಗ ಮಾತ್ರ ಎಳೆದಿರಿ. ಲೋಳೆ ಒರೆಸಿ ಒಣಹುಲ್ಲಿನಿಂದ ತಿಕ್ಕಿದಾಗ ಮರಿ ಸೀನಿತಲ್ಲ, ಆ ಸದ್ದು ಇನ್ನೂ ಕಿವಿಯಲ್ಲಿದೆ.

ಗಿಣ್ಣು ಹಾಲು ಕುಡಿಸಿ ತಿರುಗುವಷ್ಟರಲ್ಲಿ ನೀವಿರಲಿಲ್ಲ. ಹೆಸರೂ ಕೇಳಲಿಲ್ಲ. ಹೆಣ್ಣು ಮರಿ ಅಜ್ಜಿ, ತಾಯಿ ಮರಿ ಇಬ್ಬರೂ ಚೆನ್ನಾಗಿದ್ದಾರೆ. ನಿಮಗೆ ಕೈ ಮುಗಿಯುತ್ತೇನೆ.