ಹಬ್ ಒಳಗಿನ ಗೇರ್ ಹಾಕಿಸುವವರ ಗಮನಕ್ಕೆ

ಗುಂಪಿನ ಸದಸ್ಯರೆಲ್ಲರಿಗೂ ನಮಸ್ಕಾರ. ಮೋಟಾರ್ ಅಳವಡಿಸಿದ ಸೈಕಲ್ಲಿಗೆ ಮಳೆಗಾಲಕ್ಕೆ ಮೊದಲು ಒಳಗೇರಿನ ಹಬ್ (ಗೇರುಗಳನ್ನು ಒಳಗೇ ಇಟ್ಟುಕೊಂಡ ಹಿಂದಿನ ಚಕ್ರದ ನಡುಗುಂಭ) ಹಾಕಿಸಬೇಕೆಂದಿರುವ ಸದಸ್ಯರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ತೀರ್ಥಹಳ್ಳಿ, ಹೊಸನಗರದ ಕಡೆಯ ಕೆಸರಿಗೆ ಈ ಹಬ್ ನಿಜಕ್ಕೂ ಒಳ್ಳೆಯದು. ಗೇರುಗಳೆಲ್ಲ ಮುಚ್ಚಿದ ಗೂಡಿನೊಳಗಿರುತ್ತವೆ, ಸೈಕಲ್ ನಿಂತಿರುವಾಗಲೂ ಗೇರ್ ಬದಲಿಸಬಹುದು.

ಆದರೆ ಮೋಟಾರ್ ಎಲ್ಲಿದೆ ಎಂಬುದೇ ಮುಖ್ಯ. ಅದು ಮುಂದಿನ ಚಕ್ರದಲ್ಲಿದ್ದರೆ ಹಬ್ಬಿನ ಗೇರುಗಳಿಗೆ ಕಾಲಿನ ಬಲ ಮಾತ್ರ ತಾಗುತ್ತದೆ. ಪೆಡಲ್ ಬಳಿ ಇದ್ದರೆ ಮೋಟಾರಿನ ಎಳೆತವೂ ಚೈನಿನ ಮೂಲಕ ಒಳಗಿನ ಸಣ್ಣ ಹಲ್ಲುಗಳ ಮೇಲೆಯೇ ಬೀಳುತ್ತದೆ. ಚೈನು ಕೂರುವ ಹಲ್ಲುಚಕ್ರಗಳಲ್ಲಿ ಮುಂದಿನದಕ್ಕೆ 38, ಹಿಂದಿನದಕ್ಕೆ 19 ಹಲ್ಲುಗಳಿದ್ದರೆ ಪೆಡಲ್ ಅಚ್ಚಿನ 60 ನ್ಯೂಟನ್ ಮೀಟರ್ ತಿರುಗುಬಲ ಹಬ್ ತಲುಪುವಾಗ 30 ಆಗುತ್ತದೆ. ಏರು ಸುಲಭವಾಗಲೆಂದು ಹಿಂದೆ ದೊಡ್ಡ ಹಲ್ಲುಚಕ್ರ ಹಾಕಿಸಿದಷ್ಟೂ ಹೊರೆ ಹೆಚ್ಚುತ್ತದೆ. ಮುಂದಿನ, ಹಿಂದಿನ ಹಲ್ಲುಗಳ ಅನುಪಾತಕ್ಕೆ ತಯಾರಕರು ಹೇಳಿರುವ ಮಿತಿಯನ್ನು ಖಂಡಿತ ಮೀರಬೇಡಿ.

ಗೇರ್ ಬದಲಿಸುವಾಗ ಥ್ರಾಟಲ್ ಬಿಟ್ಟು, ಪೆಡಲ್ ಮೇಲಿನ ಒತ್ತಡ ಸಡಿಲಿಸಿ, ಗೇರ್ ಕೂತ ಮೇಲೆಯೇ ಮತ್ತೆ ಬಲ ಕೊಡಿ. ಏರಿನಲ್ಲಿ ತಿರುವು ಬರುವ ಮೊದಲೇ ಇಳಿಗೇರಿಗೆ ಬರುವುದು ಲೇಸು.

ಶಿಮಾನೊ ಕಂಪನಿಯ ನೆಕ್ಸಸ್ 3 ಗೇರಿನ ಹಬ್ಬಿನ ಒಳಗಿನ ಅನುಪಾತ (ಹಿಂದಿನ ಹಲ್ಲುಚಕ್ರ ಒಂದು ಸುತ್ತು ತಿರುಗಿದರೆ ಚಕ್ರ ಎಷ್ಟು ಸುತ್ತು ತಿರುಗುತ್ತದೆ ಎಂಬುದು; ಕಡಿಮೆಯಾದಷ್ಟೂ ಏರು ಸುಲಭ) 0.73ರಿಂದ 1.36ರವರೆಗೆ ಮಾತ್ರ. ಆಗುಂಬೆ ಘಾಟಿಗೆ ಅದು ಸಾಲದೆಂಬುದು ನನ್ನ ಅಭಿಪ್ರಾಯ, 0.53ರಿಂದ 1.62ರವರೆಗಿನ ನೆಕ್ಸಸ್ 8 ಗೇರಿನದೇ ವಾಸಿ. ಪೆಡಲನ್ನು ಹಿಂದಕ್ಕೆ ತುಳಿದು ಹಿಡಿಯುವ ಬ್ರೇಕೊಂದನ್ನೇ ನೆಚ್ಚಿ ಘಾಟಿ ಇಳಿಯಬೇಡಿ, ಏಕೆಂದರೆ ಅಷ್ಟುದ್ದದ ಇಳಿಜಾರಿನಲ್ಲಿ ಹಬ್ ಕಾದು ಒಳಗಿನ ಗ್ರೀಸ್ ಹಾಳಾಗುತ್ತದೆ. ಕೆಸರು ತೊಳೆಯುವಾಗ ಹಬ್ಬಿಗೆ ಪ್ರೆಶರ್ ನೀರು ಬಿಡಬಾರದು.