ನಿನ್ನ ಹೆಸರು, ನಿನ್ನ ಮಗಳ ಹೆಸರು

ಚಿರಂಜೀವಿ ಸೌಭಾಗ್ಯವತಿ ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಮೊನ್ನೆ ಕೈಸೇರಿತು. ಮಗುವಿನ ಆರೋಗ್ಯ, ನಿನ್ನ ನಿದ್ದೆಗೇಡು, ರಜೆ ಮುಗಿದ ಮೇಲಿನ ಕೆಲಸದ ಯೋಚನೆ, ಇವೆಲ್ಲ ನಿನ್ನ ಅಮ್ಮನಿಂದ ಆಗಲೇ ತಿಳಿದಿದ್ದವು. ಅವುಗಳ ಮಾತನ್ನು ಇಲ್ಲಿ ಎತ್ತುವುದಿಲ್ಲ. ಆದರೆ ಮೂರನೆಯ ಪುಟದ ಅಂಚಿನಲ್ಲಿ, ಬರೆಯಲೋ ಬೇಡವೋ ಎಂದು ಅನುಮಾನಿಸಿದಂತೆ ಸಣ್ಣ ಅಕ್ಷರಗಳಲ್ಲಿ ನೀನು ಸೇರಿಸಿದ ಸಾಲು ನನ್ನನ್ನು ಎರಡು ರಾತ್ರಿ ಮಲಗಗೊಡಲಿಲ್ಲ. "ಅವಳ ಹೆಸರಿನ ಕೊನೆಗೆ ಅವಳಪ್ಪನ ಮನೆತನವಿದೆ, ನನ್ನ ಹೆಸರಿನ ಕೊನೆಗೆ ನನ್ನಪ್ಪನ ಮನೆತನವಿದೆ. ನಾಳೆ ಯಾರಾದರೂ ಎರಡನ್ನೂ ಓದಿ, ಇವಳು ನಿಮ್ಮ ಮಗಳೇ ಎಂದು ಕೇಳಿದರೆ ನಾನು ಏನನ್ನು ತೋರಿಸಲಿ?" ಎಂದು ಬರೆದಿದ್ದೀಯೆ.

ಅದೇ ಪ್ರಶ್ನೆಯನ್ನು ಒಬ್ಬ ತಾಯಿಗೆ ನಾನೇ ಒಮ್ಮೆ ಕೇಳಿದ್ದೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಶಾಲೆಯ ದಾಖಲಾತಿ ಪುಸ್ತಕವನ್ನು ನನ್ನ ಕೈಗೆ ಒಪ್ಪಿಸಿದ್ದರು. ಅದರಲ್ಲಿ ಮಗುವಿನ ಹೆಸರಿಗೆ, ತಂದೆಯ ಹೆಸರಿಗೆ, ಹುಟ್ಟಿದ ದಿನಾಂಕಕ್ಕೆ ಕಾಲಂಗಳಿದ್ದವು, ತಾಯಿಗೆ ಇರಲಿಲ್ಲ. ಒಬ್ಬಾಕೆ ಹುಡುಗನ ಕೈಹಿಡಿದು ಬಂದು, ಕೇಳಿದಾಗ ತನ್ನ ಹೆಸರು ಹೇಳಿದಳು. ಅದು ಹುಡುಗನ ಹೆಸರಿಗೆ ಹೊಂದಲಿಲ್ಲವೆಂದು, "ನೀವು ಇವನಿಗೆ ಏನಾಗಬೇಕು?" ಎಂದೆ. "ಹೆತ್ತವಳು" ಎಂದಷ್ಟೇ ಹೇಳಿದಳು. ಅಷ್ಟು ಸಾಲದೆಂಬಂತೆ, ನಾಳೆ ತಂದೆಯನ್ನು ಕರೆದುಕೊಂಡು ಬನ್ನಿ ಎಂದು ಕಳಿಸಿದೆ. ಮರುದಿನ ಅವನು ಬಂದು ರುಜು ಹಾಕುವಾಗ ಆಕೆ ಬಾಗಿಲಾಚೆ ನಿಂತಿದ್ದಳು. ಒಳಗೆ ಬನ್ನಿ ಎಂದು ನಾನು ಕರೆಯಲಿಲ್ಲ. ನಿನ್ನ ಸಾಲನ್ನು ಓದಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ಆ ಬಾಗಿಲು.

ನಿನ್ನ ಭಯ ಹುರುಳಿಲ್ಲದ್ದೆಂದು ಹೇಳುವ ಅರ್ಹತೆ ಹೀಗಾಗಿ ನನಗಿಲ್ಲ. ಆದರೆ ನಿವೃತ್ತಳಾದ ಮೇಲೆ ಹೆಸರುಗಳ ಹುಟ್ಟನ್ನು ಕುರಿತು ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಆ ದಿನ ನನಗೆ ತಿಳಿಯದೆ ಹೋದದ್ದು ನಿನಗಾದರೂ ತಿಳಿದಿರಲಿ. ಚೀನಾದಲ್ಲಿಯೂ ಕೊರಿಯಾದಲ್ಲಿಯೂ ಮದುವೆಯಾದ ಹೆಣ್ಣು ತನ್ನ ಮನೆತನದ ಹೆಸರನ್ನು ಬಿಡುವುದಿಲ್ಲ, ಮಕ್ಕಳಿಗೆ ಸಾಮಾನ್ಯವಾಗಿ ತಂದೆಯ ಹೆಸರು ಬರುತ್ತದೆ. ಎಂದರೆ ಅಲ್ಲಿ ತಾಯಿಯ ಹೆಸರೊಂದು ಮಕ್ಕಳ ಹೆಸರೊಂದು ಇರುವುದೇ ರೂಢಿ. ನಿನ್ನನ್ನು ಕಾಡುವ ವ್ಯತ್ಯಾಸದಲ್ಲೇ ಕೋಟ್ಯಂತರ ತಾಯಂದಿರು ಮಕ್ಕಳನ್ನು ಸಾಕಿದ್ದಾರೆ. ಐಸ್‌ಲ್ಯಾಂಡಿನಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರೇ ಇಲ್ಲ. ಮಗನಾದರೆ ತಂದೆಯ ಹೆಸರಿಗೆ 'ಸನ್' ಎಂದೂ ಮಗಳಾದರೆ 'ದೋತ್ತಿರ್' ಎಂದೂ ಸೇರುವುದರಿಂದ, ಅಪ್ಪ, ಅಮ್ಮ, ಮಗ, ಮಗಳು ಒಂದೇ ಸೂರಿನಡಿ ನಾಲ್ಕು ಬೇರೆ ಬೇರೆ ಕೊನೆಗಳನ್ನಿಟ್ಟುಕೊಂಡು ಬಾಳುತ್ತಾರೆ. ಬೇಕೆಂದವರು ತಾಯಿಯ ಹೆಸರಿನಿಂದಲೂ ಕರೆಸಿಕೊಳ್ಳಬಹುದು. 1980ರಲ್ಲಿ ಆ ದೇಶದ ಅಧ್ಯಕ್ಷರಾಗಿ ಆಯ್ಕೆಯಾದ ವಿಗ್ದಿಸ್ ಫಿನ್‌ಬೊಗದೋತ್ತಿರ್ ಅವರ ಹೆಸರಿನ ಅರ್ಥ 'ಫಿನ್‌ಬೊಗಿಯ ಮಗಳು' ಎಂದಷ್ಟೇ.

ನಾವು ಅನಾದಿಯೆಂದು ನಂಬಿರುವ ಈ ಕೊನೆಯ ಹೆಸರು ಎಷ್ಟೋ ಕಡೆ ಸರ್ಕಾರದ ಆಜ್ಞೆಯಿಂದ ಹುಟ್ಟಿದ್ದು. ಜಪಾನಿನಲ್ಲಿ ಸಾಮಾನ್ಯ ಜನರಿಗೂ ಅದು ಕಡ್ಡಾಯವಾದದ್ದು 1875ರಲ್ಲಿ, ತುರ್ಕಿಯಲ್ಲಿ 1934ರ ಕಾನೂನಿನಿಂದ. ಮುಸ್ತಫಾ ಕೆಮಾಲರಿಗೆ 'ತುರ್ಕರ ತಂದೆ' ಎಂಬ ಅರ್ಥದ ಅತಾತುರ್ಕ್ ಎಂಬ ಹೆಸರನ್ನು ಅಲ್ಲಿನ ಸಂಸತ್ತು ಕೊಟ್ಟದ್ದು ಅದೇ ವರ್ಷ. ತೆರಿಗೆಯ ಲೆಕ್ಕಕ್ಕೆ, ಸೈನ್ಯದ ಪಟ್ಟಿಗೆ, ಆಸ್ತಿಯ ಪತ್ರಕ್ಕೆ ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸಿ ಗುರುತಿಸಲು ಆಳುವವರಿಗೆ ಅದು ಬೇಕಾಯಿತು. ಯಾರು ಯಾರ ಮಡಿಲಲ್ಲಿ ಬೆಳೆದರೆಂದು ಅಳೆಯುವುದಕ್ಕೆ ಅದನ್ನು ಯಾರೂ ಮಾಡಲಿಲ್ಲ.

ಕಾಗದಪತ್ರಗಳ ಮಾತು ಬಂದದ್ದರಿಂದ ಒಂದನ್ನು ಹೇಳಿಬಿಡುತ್ತೇನೆ, ನಿನಗೆ ಗೊತ್ತಿರುವುದೇ ಆದರೆ ಕ್ಷಮಿಸು. ಜನನ ಪ್ರಮಾಣಪತ್ರದಲ್ಲಿ ನಿನ್ನ ಹೆಸರೂ ಅವಳ ಹೆಸರೂ ಇರುವ ಕಾಗುಣಿತದಲ್ಲೇ ಮುಂದಿನ ಎಲ್ಲ ದಾಖಲೆಗಳಲ್ಲೂ ಇರುವಂತೆ ನೋಡಿಕೋ. ಇಬ್ಬರೇ ಪ್ರಯಾಣ ಮಾಡುವಾಗ ಅದರ ಒಂದು ಪ್ರತಿಯನ್ನು ಚೀಲದಲ್ಲಿ ಇಟ್ಟುಕೋ. ಏನನ್ನು ತೋರಿಸಲಿ ಎಂಬ ನಿನ್ನ ಮಾತಿಗೆ ನನ್ನಲ್ಲಿರುವ ನೇರ ಉತ್ತರ ಇಷ್ಟು ಸಣ್ಣದು. ನೀನು ಕೇಳಿದ್ದು ಆ ಹಾಳೆಯನ್ನು ಕುರಿತಲ್ಲವೆಂಬುದೂ ನನಗೆ ಗೊತ್ತು.

ಇಬ್ಬರ ಹೆಸರೂ ಒಂದೇ ಆಗಿದ್ದರೆ ಸಾಕಿತ್ತು ಎಂದು ನಿನಗೆ ಅನ್ನಿಸುತ್ತಿರಬಹುದು. ಪ್ರಾಚೀನ ರೋಮಿನಲ್ಲಿ ಹೆಣ್ಣುಮಕ್ಕಳಿಗೆ ಕುಲದ ಹೆಸರಿನ ಸ್ತ್ರೀರೂಪವೇ ಹೆಸರಾಗುತ್ತಿತ್ತು. ಜೂಲಿಯಸ್ ಸೀಸರನ ಮಗಳು ಜೂಲಿಯಾ, ಇಬ್ಬರು ಅಕ್ಕತಂಗಿಯರೂ ಜೂಲಿಯಾ, ಸೋದರತ್ತೆಯೂ ಜೂಲಿಯಾ. ಕುಲದ ಗುರುತು ಒಂದಿಷ್ಟೂ ಮಾಸಲಿಲ್ಲ. ಆ ನಾಲ್ವರನ್ನು ಬೇರೆ ಬೇರೆಯಾಗಿ ಕಾಣುವುದೇ ಇಂದಿನ ಓದುಗರಿಗೆ ಕಷ್ಟವಾಗಿದೆ. ಇದನ್ನು ಓದಿದ ದಿನ ನನಗೆ ನನ್ನ ಅಜ್ಜಿಯ ನೆನಪಾಯಿತು. ಹನ್ನೆರಡು ವರ್ಷ ಅವರ ಪಕ್ಕದಲ್ಲಿ ಮಲಗಿದವಳು ನಾನು. ಅವರ ತವರಿನ ಮನೆತನದ ಹೆಸರೇನೆಂದು ಒಮ್ಮೆಯೂ ಕೇಳಲಿಲ್ಲ. ಈಗ ಹೇಳಬಲ್ಲವರು ಯಾರೂ ಉಳಿದಿಲ್ಲ. ನನ್ನ ತವರಿನ ಹೆಸರನ್ನಂತೂ ಮದುವೆಯ ಮಾರನೆಯ ವಾರವೇ ಯಾರೂ ಒತ್ತಾಯಿಸದಿದ್ದರೂ ಬಿಟ್ಟುಕೊಟ್ಟೆ. ಆಮೇಲೆ ಅದನ್ನು ಹೊಸ ಲೇಖನಿಗಳಿಂದ ಬರೆದು ನೋಡುತ್ತಿದ್ದೆ, ಬರೆದು ಹರಿದು ಹಾಕುತ್ತಿದ್ದೆ.

ನೀನು ನಿನ್ನ ಹೆಸರನ್ನು ಉಳಿಸಿಕೊಂಡೆ. ಆ ನಿರ್ಧಾರಕ್ಕೆ ಮಗಳು ದೂರವಾಗುವ ದಂಡ ತೆರಬೇಕೇನೋ ಎಂಬ ಅಳುಕು ನಿನ್ನ ಸಾಲಿನ ಹಿಂದೆ ಇರುವಂತೆ ನನಗೆ ತೋರಿತು. ಅಮೆರಿಕದ ಲೂಸಿ ಸ್ಟೋನ್ ಅವರನ್ನು ನಿನಗೆ ಪರಿಚಯಿಸಬೇಕೆನ್ನಿಸುವುದು ಅದಕ್ಕೇ. 1855ರಲ್ಲಿ ಹೆನ್ರಿ ಬ್ಲ್ಯಾಕ್‌ವೆಲ್ ಅವರನ್ನು ಮದುವೆಯಾದ ಆಕೆ ಸ್ಟೋನ್ ಎಂಬ ತಮ್ಮ ಹೆಸರಿನಲ್ಲೇ ಬಾಳಿದರು. ಮ್ಯಾಸಚೂಸೆಟ್ಸ್ ರಾಜ್ಯವು 1879ರಲ್ಲಿ ಶಾಲಾ ಸಮಿತಿಯ ಚುನಾವಣೆಯಲ್ಲಿ ಹೆಂಗಸರಿಗೆ ಮತದ ಹಕ್ಕು ಕೊಟ್ಟಾಗ, ಗಂಡನ ಮನೆತನದ ಹೆಸರಿನಲ್ಲಿ ರುಜು ಹಾಕದ ಹೊರತು ಪಟ್ಟಿಯಲ್ಲಿ ಇರುವಂತಿಲ್ಲ ಎಂದರು. ಜೀವಮಾನವೆಲ್ಲ ಯಾವ ಹಕ್ಕಿಗಾಗಿ ಊರೂರು ತಿರುಗಿ ಭಾಷಣ ಮಾಡಿದ್ದರೋ ಅದೇ ಹಕ್ಕನ್ನು ಆಕೆ ಹೆಸರಿಗಾಗಿ ಬಿಟ್ಟರು. ಅವರ ಮಗಳ ಹೆಸರು ಆಲಿಸ್ ಸ್ಟೋನ್ ಬ್ಲ್ಯಾಕ್‌ವೆಲ್. ತಾಯಿಯದು ನಡುವೆ, ತಂದೆಯದು ಕೊನೆಗೆ. ತಾಯಿ ಹುಟ್ಟುಹಾಕಿದ ಪತ್ರಿಕೆಯನ್ನು ಸಂಪಾದಿಸಿದವರೂ, ತಾಯಿ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, 1930ರಲ್ಲಿ, ಅವರ ಜೀವನಚರಿತ್ರೆಯನ್ನು ಪ್ರಕಟಿಸಿದವರೂ ಕೊನೆಯ ಹೆಸರು ಬೇರೆಯಾಗಿದ್ದ ಆ ಮಗಳೇ.

ಹೀಗೆ ನಡುವೆ ಇಡುವ ದಾರಿ ನಿನಗೂ ಇದೆ. ನೀವಿಬ್ಬರೂ ಒಪ್ಪಿದರೆ ಮಾತ್ರ; ಮನೆಯಲ್ಲಿ ಇದು ಜಗಳಕ್ಕೆ ಕಾರಣವಾಗುವುದಾದರೆ ನಾನು ಹೇಳಲಿಲ್ಲವೆಂದುಕೋ. ಸ್ಪೇನಿನಲ್ಲಿ ಎಲ್ಲರಿಗೂ ತಂದೆಯದೊಂದು ತಾಯಿಯದೊಂದು ಎಂದು ಎರಡು ಇರುತ್ತವೆ. ಚಿತ್ರಕಾರ ಪಿಕಾಸೊ ಅವರ ತಂದೆಯ ಹೆಸರು ರೂಯಿಸ್. ಇಡೀ ಲೋಕ ಬಲ್ಲ ಪಿಕಾಸೊ ಎಂಬುದು ತಾಯಿಯ ಕಡೆಯದು. ಮ್ಯಾನ್ಮಾರಿನ ಆಂಗ್ ಸಾನ್ ಸೂ ಕೀ ಅವರ ಹೆಸರಿನಲ್ಲಿ 'ಆಂಗ್ ಸಾನ್' ತಂದೆಯದು, 'ಸೂ' ಅಜ್ಜಿಯದು, ಕೊನೆಯ 'ಕೀ' ತಾಯಿಯದು.

ಇನ್ನೊಂದನ್ನು ಹೇಳದೆ ಈ ಕಾಗದವನ್ನು ಮಡಚಲು ಮನಸ್ಸು ಬಾರದು. ಚೀನೀ ಬರಹದಲ್ಲಿ ಮನೆತನದ ಹೆಸರು ಎಂಬುದಕ್ಕೆ ಇರುವ ಅಕ್ಷರ ಎರಡು ಭಾಗಗಳಿಂದ ಆಗಿದೆ: ಎಡಕ್ಕೆ 'ಹೆಣ್ಣು', ಬಲಕ್ಕೆ 'ಹುಟ್ಟು'. ಅರಬರಲ್ಲಿ ಮಗುವಾದ ಮೇಲೆ ತಾಯಿಯನ್ನು 'ಉಮ್ಮ್' ಎಂಬುದರ ಮುಂದೆ ಮಗುವಿನ ಹೆಸರನ್ನು ಸೇರಿಸಿ, ಇಂಥವರ ತಾಯಿ ಎಂದು ಗೌರವದಿಂದ ಕರೆಯುವ ವಾಡಿಕೆಯಿದೆ. ನಿನ್ನಿಂದ ಅವಳಿಗೆ ಏನು ಹೋಗುತ್ತದೆಂದು ಚಿಂತಿಸುತ್ತಿದ್ದೀಯೆ. ಅವಳಿಂದ ನಿನಗೆ ಬರುವ ಹೆಸರೂ ಒಂದಿದೆ. ಶಾಲೆಯ ಬಾಗಿಲಲ್ಲಿ ಮಕ್ಕಳು ನಿನ್ನನ್ನು ನೋಡಿ ಅವಳ ಅಮ್ಮ ಬಂದರು ಎಂದು ಕೂಗುವಾಗ ಯಾರೂ ಹೆಸರಿನ ಕೊನೆಯನ್ನು ಓದುವುದಿಲ್ಲ. ಆ ಹುಡುಗನೂ ಅಂದು ಬಾಗಿಲಾಚೆ ನೋಡಿ "ಅಮ್ಮಾ" ಎಂದೇ ಕೂಗಿದ್ದ. ಪುಸ್ತಕದಿಂದ ತಲೆಯೆತ್ತದೆ ಕುಳಿತಿದ್ದವಳು ನಾನು.

ನಿನಗೆ ಗೊತ್ತಿರುವ ಅಜ್ಜಿಯರ, ಮುತ್ತಜ್ಜಿಯರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು ಅವಳಿಗಾಗಿ ಎತ್ತಿಡು. ನನ್ನ ಪಾಲಿನದನ್ನು ನಾನೂ ಬರೆಯಲು ತೊಡಗಿದ್ದೇನೆ. ಅಜ್ಜಿಯ ತವರಿನ ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ನಿನ್ನ ಮಗಳ ಪೂರ್ಣ ಹೆಸರನ್ನು, ಎಲ್ಲಿ ಹ್ರಸ್ವ ಎಲ್ಲಿ ದೀರ್ಘ ಎಂಬುದು ಸ್ಪಷ್ಟವಾಗುವಂತೆ, ಮುಂದಿನ ಕಾಗದದಲ್ಲಿ ಬರೆದು ಕಳಿಸು. ನಿನ್ನ ಹೆಸರಿನ ಕೆಳಗೆ ಅದನ್ನು ತಪ್ಪಿಲ್ಲದೆ ಬರೆಯಬೇಕಾಗಿದೆ.

ಇಂತು ನಿನ್ನ
ದೊಡ್ಡಮ್ಮ